ಹಂಚಿನ ಮೇಲಿನ ಇಸವಿ: ಗೋಕರ್ಣದ ಹಳೆಯ ಮನೆಗಳು

ಗೋಕರ್ಣದ ರಥಬೀದಿಯ ಹಳೆಯ ಮನೆಗಳಿಗೆ ವಯಸ್ಸೆಷ್ಟು ಎಂದು ಕೇಳಿದರೆ ಹಲವರು ಮಾಡಿನ ಹಂಚಿನ ಮೇಲಿರುವ 1865ನ್ನು ತೋರಿಸುತ್ತಾರೆ. ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಆರಂಭವಾದ ವರ್ಷ, ಮನೆ ಕಟ್ಟಿದ ವರ್ಷವಲ್ಲ. ಮೊದಲ ಮಹಾಯುದ್ಧದ ಬಳಿಕ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿತು. ಆ ಹೆಸರಿನ ಹಂಚು ಇನ್ನೂ ಈಚಿನದು. ಹುಲ್ಲಿನ ಮಾಡು ತೆಗೆದು ಹಂಚು ಹೊದೆಸಿದ್ದರೆ ಗೋಡೆ ಹಂಚಿಗಿಂತ ಹಳೆಯದು.

ಹಾಗಾಗಿ ನಾನು ಪಾಲುಪಟ್ಟಿ ಕೇಳುತ್ತೇನೆ. ಜಗಲಿ, ಬಾವಿಯ ನೀರು, ಹಿತ್ತಲ ದಾರಿ ಯಾರ್ಯಾರಿಗೆಂದು ಅದರಲ್ಲಿರುತ್ತದೆ. ಒಂದೇ ಮನೆಗೆ ಎರಡು ಹೆಬ್ಬಾಗಿಲು ಏಕೆಂಬುದೂ ತಿಳಿಯುತ್ತದೆ. ಮೊದಲು ಯಾತ್ರಿಕರು ಪುರೋಹಿತರ ಮನೆಗಳಲ್ಲೇ ಇಳಿಯುತ್ತಿದ್ದರು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡು ಓಂ ಬೀಚಿಗೆ ಬರುವವರು ಹೆಚ್ಚಿದ ಮೇಲೆ ಎಷ್ಟೋ ಜಗಲಿಗಳು ಅಂಗಡಿಗಳಾದವು. ಅದಕ್ಕೆ ನನ್ನ ತಕರಾರಿಲ್ಲ, ಹೊಟ್ಟೆಪಾಡು. ಮನೆ ಕೆಡವುವವರು ಹಳೆಯ ಕಾಗದಪತ್ರಗಳನ್ನು ಒಲೆಗೆ ಹಾಕುವ ಮೊದಲು ನಮ್ಮ ಶಾಲೆಗೊಮ್ಮೆ ತಂದು ತೋರಿಸಲಿ.