ಕಂಪನಿ ಫಿಲ್ಟರೋ, ಲೋಕಲ್ ಫಿಲ್ಟರೋ? – ಬಿಜಾಪುರ ಸೀಮೆಯ ಒಂದು ಎಣ್ಣೆ ಪುರಾಣ

ಇಂಜಿನ್ ಆಯಿಲ್ ಸೋಸುವ ಡಬ್ಬಿಗೂ ಒಂದು ಚರಿತ್ರೆ ಇದೆ ಅಂದರೆ ನಗಬೇಡಿ. ರಾಜರ ಚರಿತ್ರೆ ಬೇಕೆಂದರೆ ನಮ್ಮ ಬಿಜಾಪುರದಲ್ಲಿ ಆದಿಲಶಾಹಿಗಳಿದ್ದಾರೆ, ಗೋಳಗುಮ್ಮಟ ಇದೆ, ಅದನ್ನು ಬರೆಯುವವರೂ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡ ರೈತ ಗುಮ್ಮಟದ ಬಗ್ಗೆ ಯೋಚಿಸಿದ್ದಕ್ಕಿಂತ ಹೆಚ್ಚು ಸಲ ಒಂದು ಪ್ರಶ್ನೆ ಕೇಳಿಕೊಂಡಿರುತ್ತಾನೆ: "ಕಂಪನೀದು ಹಾಕಸೂದೋ, ಲೋಕಲ್ ಹಾಕಸೂದೋ?" (ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ವಿಜಯಪುರ ಆಗಿದೆ. ಬಾಯಿಗೆ ಮಾತ್ರ ಇನ್ನೂ ಬಿಜಾಪುರವೇ ಬರುತ್ತದೆ :-))

ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೂಲಿ ಮಾಡುತ್ತಿರುವವನಿಗೆ ಇದೆಲ್ಲ ಯಾಕೆ ಅನ್ನಬೇಡಿ. ಈ ಪ್ರಶ್ನೆಯ ಬೇರು ಹುಡುಕುತ್ತ ಹೋದರೆ ಬೆಳಗಾವಿ, ಬೆಂಗಳೂರು, ಡೆಟ್ರಾಯಿಟ್, ಕೊನೆಗೆ ದಿಲ್ಲಿ ಎಲ್ಲಾ ಸಿಗುತ್ತವೆ.

ಫಿಲ್ಟರೇ ಇಲ್ಲದ ಕಾಲ

ಮೊದಮೊದಲು ಫಿಲ್ಟರೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಫಿಲ್ಟರ್ ಇರಲಿಲ್ಲ. ತಳದಲ್ಲಿದ್ದ ಎಣ್ಣೆಯನ್ನು ತಿರುಗುವ ಭಾಗಗಳೇ ಎರಚಿಕೊಳ್ಳುತ್ತಿದ್ದವು. ಎಣ್ಣೆ ಹೊಲಸಾದರೆ ಚೆಲ್ಲಿ ಹೊಸದು ಹಾಕುವುದು, ಅಷ್ಟೇ.

ನಮ್ಮ ಕಡೆಯ ಬಾವಿಗಳ ಮೇಲೆ ಕೂತು ಡಗ್ ಡಗ್ ಅನ್ನುತ್ತಿದ್ದ ಹಳೇ ಮಾದರಿಯ ಡೀಸೆಲ್ ಇಂಜಿನ್ನುಗಳ ಮೂಲಪುರುಷ ಇಂಗ್ಲೆಂಡಿನ ಲಿಸ್ಟರ್. ನಿಮಿಷಕ್ಕೆ 650 ಸುತ್ತು ತಿರುಗುವ ಆ ನಿಧಾನಿ ಇಂಜಿನ್ ಕೂಡ ಎಣ್ಣೆ ಎರಚಿಕೊಂಡೇ ಬದುಕಿತು. ಅದರದೇ ನಕಲುಗಳನ್ನು ಗುಜರಾತಿನ ರಾಜಕೋಟದವರು ದಶಕಗಟ್ಟಲೆ ಮಾಡಿ ಮಾರಿದರು. ಇನ್ನು ಕಿರ್ಲೋಸ್ಕರ್ ಹೆಸರು ಗೊತ್ತಿಲ್ಲದ ರೈತ ನಮ್ಮ ಕಡೆ ಇಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಅವರ ಮನೆತನದ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಪುಣೆಯಲ್ಲಿ ಶುರುವಾದದ್ದು 1946ರಲ್ಲಿ.

ನಿಧಾನಕ್ಕೆ ತಿರುಗುವ, ದಪ್ಪ ದಪ್ಪ ಭಾಗಗಳಿರುವ ಇಂಜಿನ್ ಸ್ವಲ್ಪ ಹೊಲಸು ಎಣ್ಣೆಯನ್ನು ತಡೆದುಕೊಳ್ಳುತ್ತದೆ. "ನಮ್ಮಪ್ಪ ಫಿಲ್ಟರ್ ಮುಖಾನೇ ನೋಡಿರಲಿಲ್ಲ, ಇಂಜಿನ್ ಮೂವತ್ತು ವರ್ಷ ನಡೀತು" ಅನ್ನುವ ಹಿರಿಯರ ಮಾತು ಸುಳ್ಳಲ್ಲ. ಆದರೆ ಆ ಮಾತನ್ನು ಇವತ್ತಿನ ಟ್ರ್ಯಾಕ್ಟರಿಗೆ ಅನ್ವಯಿಸಿದರೆ ಮಾತ್ರ ಕೆಟ್ಟೆವು.

ಡಬ್ಬಿ ಹುಟ್ಟಿತು

1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬಾತ ಕಾರಿಗೊಂದು ಎಣ್ಣೆ ಸೋಸುವ ಸಾಧನ ಕಂಡುಹಿಡಿದ. ಇಟ್ಟ ಹೆಸರು ಪ್ಯೂರೋಲೇಟರ್, ಅಂದರೆ 'ಪ್ಯೂರ್ ಆಯಿಲ್ ಲೇಟರ್' ಎಂಬುದನ್ನು ಹಿಸುಕಿ ಮಾಡಿದ ಪದ. 1924ರ ಕ್ರೈಸ್ಲರ್ ಕಾರಿನಲ್ಲಿ ಅದು ಬಂತು. ಶುರುವಿನ ದಶಕಗಳ ಫಿಲ್ಟರುಗಳು ಹೆಚ್ಚಾಗಿ ಎಣ್ಣೆಯ ಒಂದು ಪಾಲನ್ನು ಮಾತ್ರ ಪಕ್ಕದ ದಾರಿಯಲ್ಲಿ ಕರೆದೊಯ್ದು ಸೋಸುತ್ತಿದ್ದವು. ಎರಡನೇ ಮಹಾಯುದ್ಧದ ನಂತರ ಬೇರಿಂಗಿಗೆ ಹೋಗುವ ಎಣ್ಣೆಯೆಲ್ಲ ಮೊದಲು ಸೋಸಿಯೇ ಹೋಗುವ ಪದ್ಧತಿ ರೂಢಿಗೆ ಬಂತು. 1954ರಲ್ಲಿ ಅಮೆರಿಕದ ವಿಕ್ಸ್ ಕಂಪನಿ ಇಡೀ ಡಬ್ಬಿಯನ್ನೇ ತಿರುವಿ ಬಿಚ್ಚಿ, ಹೊಸದನ್ನು ತಿರುವಿ ಕೂರಿಸುವ ಫಿಲ್ಟರ್ ತಂದಿತು.

ಇಲ್ಲೊಂದು ವಿಷಯ ಗಮನಿಸಿ. ಕ್ರೈಸ್ಲರ್ ಫಿಲ್ಟರ್ ಕಂಡುಹಿಡಿಯಲಿಲ್ಲ. ಕಾರು ಮಾಡುವವರು ಒಬ್ಬರು, ಫಿಲ್ಟರ್ ಮಾಡುವವರು ಇನ್ನೊಬ್ಬರು. ಹುಟ್ಟಿದ ದಿನದಿಂದಲೂ ಫಿಲ್ಟರ್ 'ಹೊರಗಿನ' ವಸ್ತುವೇ!

ನಮ್ಮ ಸೀಮೆಗೆ ಟ್ರ್ಯಾಕ್ಟರ್ ಬಂದದ್ದು

ಭಾರತದಲ್ಲಿ ಐಷರ್ ಟ್ರ್ಯಾಕ್ಟರ್ ಫರಿದಾಬಾದಿನಿಂದ ಹೊರಬಂದದ್ದು 1959ರಲ್ಲಿ. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಶುರುವಾಗಿ ಮ್ಯಾಸಿ ಫರ್ಗ್ಯುಸನ್ ಮಾಡಿತು. 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಕಂಪನಿ ಕಟ್ಟಿದರು, ಬಿ-275 ಬಂತು. ವಾಚಿನಿಂದ ಮನೆಮಾತಾದ ನಮ್ಮ ಬೆಂಗಳೂರಿನ ಎಚ್‌ಎಂಟಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕ್ ದೇಶದ ಜೀಟರ್ ನೆರವಿನಿಂದ ಟ್ರ್ಯಾಕ್ಟರ್ ಮಾಡತೊಡಗಿತು. (ಅದನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಎಚ್‌ಎಂಟಿ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಮುಂದೆ 'ಕಂಪನಿ ಫಿಲ್ಟರ್' ಅನ್ನುವ ಮಾತಿಗೇ ಅರ್ಥ ಉಳಿಯಲಿಲ್ಲ ನೋಡಿ.)

ಇದೇ ಕಾಲಕ್ಕೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲು ಇಟ್ಟರು. ಆಗ ಅದು ಬಾಗೇವಾಡಿ ತಾಲೂಕು, ಈಗ ನಿಡಗುಂದಿ. ನೀರು ಕಾಲುವೆಗೆ ಬರಲು ದಶಕಗಳೇ ಹಿಡಿದವು. ಬಂದ ಮೇಲೆ ಕೃಷ್ಣೆಯ ದಂಡೆಯಲ್ಲಿ ಕಬ್ಬು ಬಂತು, ಕಬ್ಬು ಹೇರಲು ಡಬ್ಬಲ್ ಟ್ರಾಲಿ ಬಂತು. ಅತ್ತ ಭೀಮೆಯ ಕಡೆ ಇಂಡಿಯ ಲಿಂಬೆ ತೋಟಗಳು, ಸಿಂದಗಿಯ ಹೊಲಗಳು. ಊರಿಂದೂರಿಗೆ ಜನ ಹೊರಲು ಜೀಪು, ಆಮೇಲೆ ಟ್ರ್ಯಾಕ್ಸು, ಕ್ರೂಸರ್, ಟಂಟಂ. ಎಲ್ಲಕ್ಕೂ ಇಂಜಿನ್, ಎಲ್ಲಕ್ಕೂ ಎಣ್ಣೆ.

ಎಲ್ಲಕ್ಕಿಂತ ಮುಖ್ಯವಾಗಿ ನಮ್ಮಲ್ಲಿ ಧೂಳು. ಎರೆಹೊಲ ಬೇಸಿಗೆಯಲ್ಲಿ ಹಿಟ್ಟಿನಂತಾಗುತ್ತದೆ. ಟ್ರ್ಯಾಕ್ಟರ್ ತನ್ನದೇ ಧೂಳಿನಲ್ಲಿ ಉಸಿರಾಡುತ್ತದೆ. ಏರ್ ಕ್ಲೀನರ್ ದಾಟಿದ ಸಣ್ಣ ಧೂಳು ಪಿಸ್ಟನ್ ರಿಂಗಿನ ಸಂದಿಯಿಂದ ಎಣ್ಣೆಗಿಳಿದು, ಮರಳು ಕಾಗದದ ಹಾಗೆ ಬೇರಿಂಗ್ ತಿಕ್ಕುತ್ತದೆ. ಬೇರೆ ಕಡೆ ನಡೆಯುವ ಅಗ್ಗದ ಫಿಲ್ಟರ್ ನಮ್ಮಲ್ಲಿ ನಡೆಯದೇ ಇರಲು ಇದೇ ಕಾರಣ.

'ಕಂಪನಿ' ಅಂದರೆ ಯಾರು?

ಬೆಂಗಳೂರಿನಲ್ಲಿರುವವರು ಮೈಕೋ ಲೇಔಟ್ ದಾಟಿರುತ್ತೀರಿ. ಆ ಮೈಕೋ ಅಂದರೆ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡದ್ದು. ಹಳ್ಳಿಯ ಮಿಸ್ತ್ರಿಗೆ ಡೀಸೆಲ್ ಪಂಪು, ನಾಜಲ್ ಅಂದರೆ ಮೈಕೋ. ಟ್ರ್ಯಾಕ್ಟರ್ ಬಣ್ಣ ಯಾವುದೇ ಇರಲಿ, ಒಳಗಿನ ಪಂಪು ಒಂದು ಕಾಲಕ್ಕೆ ಹೆಚ್ಚಾಗಿ ಆಡುಗೋಡಿಯದ್ದೇ ಆಗಿರುತ್ತಿತ್ತು! ಫಿಲ್ಟರಿನ ಕಥೆಯೂ ಹೀಗೇ. ಟ್ರ್ಯಾಕ್ಟರ್ ಕಂಪನಿ ಸಾಮಾನ್ಯವಾಗಿ ಫಿಲ್ಟರ್ ಮಾಡುವುದಿಲ್ಲ, ಇಂತಿಂಥ ಅಳತೆ, ಇಂತಿಂಥ ಗುಣ ಇರಬೇಕು ಎಂದು ಬರೆದುಕೊಟ್ಟು ಬೇರೆಯವರಿಂದ ಮಾಡಿಸುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸ್ಪೆಸಿಫಿಕೇಷನ್ ಅವರದು, ಕೋಡ್ ಬರೆಯುವುದು ಗುತ್ತಿಗೆಯವರು :-)

ಹಾಗಾಗಿ ಅಂಗಡಿಯಲ್ಲಿ ಇರುವುದು ಎರಡು ಜಾತಿಯಲ್ಲ, ಮೂರು. ಒಂದು, ಟ್ರ್ಯಾಕ್ಟರ್ ಕಂಪನಿಯ ಡಬ್ಬದಲ್ಲಿ ಬರುವುದು. ಎರಡು, ಫಿಲ್ಟರ್ ಮಾಡುವವರು ತಮ್ಮದೇ ಹೆಸರಲ್ಲಿ ಮಾರುವುದು. ಮೂರು, ಇವೆರಡರಲ್ಲಿ ಒಂದರ ವೇಷ ಹಾಕಿಕೊಂಡು ಬರುವ ಡೂಪ್ಲಿಕೇಟ್. ನಮ್ಮ ಕಡೆ 'ಲೋಕಲ್' ಎಂಬ ಒಂದೇ ಪದದಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಕಟ್ಟಿಹಾಕಿರುವುದೇ ಎಲ್ಲ ಗೊಂದಲಕ್ಕೆ ಮೂಲ.

ಸಿಂದಗಿ ಹತ್ತಿರ ಇರುವ ನಮ್ಮ ಕಾಕಾನ ಜೊತೆ ಈ ಬಗ್ಗೆ ವಾದ ಮಾಡಿದ್ದೆ. ಅವರಂದದ್ದು ಹೀಗೆ: "ತಮ್ಮಾ, ಕಂಪನೀದ ತರಬೇಕಂದ್ರ ಬಿಜಾಪುರಕ್ಕ ಹೋಗಬೇಕು. ಒಂದು ದಿನಾ ಹೋತು, ಬಸ್ ಚಾರ್ಜ್ ಹೋತು. ಅಷ್ಟೊತ್ತಿಗೆ ಹೊಲದಾಗಿನ ಹದಾ ಆರಿ ಹೋತು. ಇಲ್ಲೇ ಅಂಗಡ್ಯಾಗ ಸಿಗೂದು ಹಾಕ್ತೇನಿ." ಬಾಗೇವಾಡಿಯಿಂದ ಬಿಜಾಪುರ 40 ಚಿಲ್ಲರೆ ಕಿಲೋಮೀಟರ್, ಮುದ್ದೇಬಿಹಾಳದಿಂದ 80ರ ಹತ್ತಿರ. ಹಿಂಗಾರಿ ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ. ಕಾಕಾನ ಲೆಕ್ಕ ಜಿಪುಣತನದ್ದಲ್ಲ, ಸಮಯದ್ದು. ಈಗ ತಾಲೂಕು ಊರುಗಳಲ್ಲೂ ಶೋರೂಮುಗಳಿವೆ ನಿಜ, ಆದರೆ ಬೇಕಾದ ದಿನ ಬೇಕಾದ ನಂಬರಿನ ಫಿಲ್ಟರ್ ಸಿಗಬೇಕಲ್ಲ.

ಆಮೇಲೆ ಅವರ ಶೆಡ್ಡಿನಲ್ಲಿದ್ದ ಎರಡು ಹಳೇ ಫಿಲ್ಟರುಗಳನ್ನು ಗರಗಸದಿಂದ ಕೊಯ್ದು ನೋಡಿದೆವು. ಒಂದರಲ್ಲಿ ಕಾಗದದ ಮಡಿಕೆಗಳು ಒತ್ತೊತ್ತಾಗಿ, ಸಮವಾಗಿ ಇದ್ದವು. ಇನ್ನೊಂದರಲ್ಲಿ ಮಡಿಕೆಗಳು ವಿರಳ, ತುದಿಯ ಅಂಟು ಬಿಟ್ಟು ಸಂದಿಯಾಗಿತ್ತು. ಎಣ್ಣೆ ಕಾಗದವನ್ನು ಮುಟ್ಟದೆ ಆ ಸಂದಿಯಿಂದಲೇ ಓಡಾಡಿದೆ! ಕಾಕಾ ಏನೂ ಮಾತಾಡಲಿಲ್ಲ, ಎರಡನ್ನೂ ಸುಮ್ಮನೆ ತಿರುಗಿಸಿ ತಿರುಗಿಸಿ ನೋಡಿದರು.

ಕೆಟ್ಟ ಫಿಲ್ಟರಿನ ದೊಡ್ಡ ಮೋಸ ಇದೇ. ಅಂಥದ್ದನ್ನು ಹಾಕಿದ ದಿನ ಆಯಿಲ್ ಪ್ರೆಶರ್ ಮುಳ್ಳು ಚೆನ್ನಾಗಿಯೇ ನಿಲ್ಲುತ್ತದೆ, ಯಾಕೆಂದರೆ ಎಣ್ಣೆಗೆ ಅಡ್ಡಿಯೇ ಇಲ್ಲ! ಎರಡು ಮೂರು ವರ್ಷದ ಮೇಲೆ ಇಂಜಿನ್ ಬೋರಿಗೆ ಬಂದಾಗ ಬೈಗುಳ ತಿನ್ನುವವನು ಡ್ರೈವರ್.

ಅಳತೆಗೆ ಸಿಕ್ಕ ಸತ್ಯ

1988ರಲ್ಲಿ ಜನರಲ್ ಮೋಟಾರ್ಸ್‌ನ ಒಂದು ಅಧ್ಯಯನ ಪ್ರಕಟವಾಯಿತು. 40 ಮೈಕ್ರಾನ್ ಫಿಲ್ಟರಿಗೆ ಹೋಲಿಸಿದರೆ 30 ಮೈಕ್ರಾನ್ ಮಟ್ಟಕ್ಕೆ ಸೋಸಿದಾಗ ಇಂಜಿನ್ ಸವೆತ ಶೇ. 50ರಷ್ಟು ಕಡಿಮೆ, 15 ಮೈಕ್ರಾನ್ ಮಟ್ಟಕ್ಕೆ ಸೋಸಿದರೆ ಶೇ. 70ರಷ್ಟು ಕಡಿಮೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಅಂದರೆ ಅಂದಾಜು ಸಿಕ್ಕೀತು. ಫಿಲ್ಟರುಗಳನ್ನು ಪರೀಕ್ಷಿಸಲು ಐಎಸ್‌ಒ 4548 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಅಂದರೆ ಒಳ್ಳೆಯ ಫಿಲ್ಟರ್ ಯಾವುದು ಅನ್ನುವುದು ನಂಬಿಕೆಯ ಮಾತಲ್ಲ, ಅಳೆಯಬಹುದಾದ ಮಾತು. ಆದರೆ ಆ ಅಳತೆ ಅಂಗಡಿಯ ಡಬ್ಬದ ಮೇಲೆ ಕಾಣಿಸುವುದು ಅಪರೂಪ. ರೈತನಿಗೆ ಕಾಣುವುದು ಬಣ್ಣ, ಹಾಲೋಗ್ರಾಂ, ಬೆಲೆ ಮಾತ್ರ.

ದಿಲ್ಲಿಯಲ್ಲಿ ನಡೆದ ಪಂಚಾಯಿತಿ

ಇದೇ ಜಗಳ ಕಾರುಗಳ ವಿಷಯದಲ್ಲಿ ದಿಲ್ಲಿಯ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2011ರಲ್ಲಿ ಬಂದ ಒಂದು ದೂರಿನಿಂದ ಶುರುವಾಗಿ, 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಮಾಡಿಕೊಡುವವರು ಅದೇ ಭಾಗವನ್ನು ನೇರವಾಗಿ ಪೇಟೆಯಲ್ಲಿ ಮಾರದಂತೆ ಕಟ್ಟುಹಾಕಿದ್ದು, ಹೊರಗಿನ ಮೆಕ್ಯಾನಿಕ್‌ಗಳಿಗೆ ಭಾಗಗಳೂ ಮಾಹಿತಿಯೂ ಸಿಗದಂತೆ ಮಾಡಿದ್ದು ತಪ್ಪು ಎಂಬುದು ಆದೇಶದ ಸಾರ. ಮೇಲ್ಮನವಿಗಳು ಹೋದವು, ದಂಡದ ಲೆಕ್ಕ ಕೋರ್ಟು ಕಚೇರಿ ಅಲೆಯಿತು, ಅದು ಬೇರೆ ಮಾತು. ಕಾರು ಕಂಪನಿಯ ಡಬ್ಬಕ್ಕಷ್ಟೇ ಪೇಟೆಯ ಹಕ್ಕಿಲ್ಲ ಎಂಬ ಮಾತು ಮಾತ್ರ ಅಧಿಕೃತವಾಗಿ ದಾಖಲಾಯಿತು.

ಆ ಆದೇಶದಲ್ಲಿ ಟ್ರ್ಯಾಕ್ಟರ್ ಕಂಪನಿಗಳ ವಿಚಾರ ಇರಲಿಲ್ಲ. ಆದರೆ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ 'ರೈಟ್ ಟು ರಿಪೇರ್' ಪೋರ್ಟಲ್ ತೆರೆದಾಗ ಆರಿಸಿಕೊಂಡ ನಾಲ್ಕು ವಲಯಗಳಲ್ಲಿ ಕೃಷಿ ಯಂತ್ರಗಳೂ ಸೇರಿದ್ದವು. ಇನ್ನು ಮೂರನೇ ಜಾತಿಯ ಡೂಪ್ಲಿಕೇಟಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಕಾನೂನು ಪುಸ್ತಕದಲ್ಲಿದೆ, ಡೂಪ್ಲಿಕೇಟು ಅಂಗಡಿಯಲ್ಲಿದೆ.

ಹಾಗಾದರೆ ಯಾವುದು?

ಇಷ್ಟು ಓದಿದ ಮೇಲೆ ನನಗನಿಸುವುದು ಇಷ್ಟು. ವಾರಂಟಿ ಇರುವವರೆಗೆ ಕಂಪನಿಯದ್ದೇ ಹಾಕಿಸಿ, ಬಿಲ್ ಇಟ್ಟುಕೊಳ್ಳಿ. ಜಗಳಕ್ಕೆ ಅವಕಾಶವೇ ಬೇಡ. ಆಮೇಲೆ ಹೆಸರುವಾಸಿ ಫಿಲ್ಟರ್ ತಯಾರಕರ ಸ್ವಂತ ಹೆಸರಿನದ್ದು, ಸರಿಯಾದ ನಂಬರಿನದ್ದು, ಬಿಲ್ ಕೊಡುವ ಅಂಗಡಿಯದ್ದಾದರೆ ಹೆದರಬೇಕಿಲ್ಲ. ರಬ್ಬರ್ ರಿಂಗ್ ಮೆತ್ತಗಿದೆಯಾ, ಕಾಗದದ ಮಡಿಕೆ ಕಾಣುವಂತಿದ್ದರೆ ಸಮವಾಗಿದೆಯಾ ನೋಡಿ. ಬಿಚ್ಚಿದ ಹಳೆಯದನ್ನು ಒಮ್ಮೆ ಕೊಯ್ದು ನೋಡಿ, ಮುಂದಿನ ಸಲ ಯಾವುದನ್ನು ತರಬೇಕು ಅಂತ ಅದೇ ಹೇಳುತ್ತದೆ. ಯಾವುದೇ ಹಾಕಿ, ಕೈಪಿಡಿಯಲ್ಲಿ ಹೇಳಿದ ಗಂಟೆಗೆ ಬದಲಿಸಿ. ನಮ್ಮ ಧೂಳಿಗೆ ಏರ್ ಕ್ಲೀನರನ್ನು ಅದಕ್ಕಿಂತ ಮೊದಲು ನೋಡಿ.

ನೂರು ವರ್ಷದ ಈ ಚರಿತ್ರೆ ಹೇಳುವುದೂ ಅದನ್ನೇ: ಫಿಲ್ಟರ್ ಎಂದೂ 'ಕಂಪನೀದು' ಆಗಿರಲಿಲ್ಲ, ಯಾರೋ ಒಬ್ಬರು ಸರಿಯಾಗಿ ಮಾಡಿದ್ದು ಅಥವಾ ಸರಿಯಾಗಿ ಮಾಡದ್ದು, ಅಷ್ಟೇ. ಆ ವ್ಯತ್ಯಾಸ ಮುದ್ದೇಬಿಹಾಳದ ಅಂಗಡಿಯ ಕೌಂಟರಿನಲ್ಲೇ ಗೊತ್ತಾಗುವ ಹಾಗೆ ಡಬ್ಬದ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ದಿನ ಬಂದರೆ, ಈ ಪ್ರಶ್ನೆಯೇ ಇರುವುದಿಲ್ಲ.

ನಿಮ್ಮ ಕಡೆ ಏನು ಪದ್ಧತಿ? ಮಂಡ್ಯ, ದಾವಣಗೆರೆ, ಕಾಸರಗೋಡಿನ ಗೆಳೆಯರು ತಿಳಿಸಿ. ಮನೆಯಲ್ಲಿ ಹಳೇ ಇಂಜಿನ್ ಇದ್ದವರಂತೂ ತಪ್ಪದೇ ಬರೆಯಿರಿ.