ಹಾಲೇರಿ ವಂಶವೃಕ್ಷದ ಖಾಲಿ ಮನೆಗಳು

ಕೊಡಗಿನ ಹಾಲೇರಿ ರಾಜಮನೆತನದ ವಂಶಾವಳಿ ಬರೆಯಲು ಕೂತವರಿಗೆ ಮೊದಲು ಎದುರಾಗುವ ತೊಡಕು ದೇವಮ್ಮಾಜಿ. ಈ ಹೆಸರಿನವರು ಇಬ್ಬರು. ಒಬ್ಬಳು ದೊಡ್ಡ ವೀರರಾಜೇಂದ್ರನ ಹಿರಿಯ ಮಗಳು. 1809ರಲ್ಲಿ ತಂದೆ ತೀರಿಕೊಂಡಾಗ ಇನ್ನೂ ಚಿಕ್ಕ ಹುಡುಗಿ. ಇನ್ನೊಬ್ಬಳು ಕೊನೆಯ ರಾಜ ಚಿಕ್ಕ ವೀರರಾಜೇಂದ್ರನ ಸೋದರಿ. 1832ರಲ್ಲಿ ಗಂಡ ಚೆನ್ನಬಸಪ್ಪನೊಡನೆ ಮೈಸೂರಿಗೆ ತಪ್ಪಿಸಿಕೊಂಡು ಹೋಗಿ ಬ್ರಿಟಿಷ್ ರೆಸಿಡೆಂಟ್ ಕ್ಯಾಸಮೇಜರನ ಮೊರೆಹೊಕ್ಕವಳು. ಅಣ್ಣತಮ್ಮಂದಿರ ಮಕ್ಕಳು, ಒಂದೇ ಹೆಸರು. ಗಂಡಸರ ಕಡೆಯೂ ಇದೇ ಕಥೆ: ಲಿಂಗರಾಜರು ಇಬ್ಬರು, ವೀರರಾಜರು ಇನ್ನೂ ಹೆಚ್ಚು. ‘ದೊಡ್ಡ’, ‘ಚಿಕ್ಕ’ ಎಂಬ ಗುರುತುಗಳು ಓದುಗರ ಅನುಕೂಲಕ್ಕೆ ಒದಗಿದವು. ಆದ್ದರಿಂದ ಈ ಮನೆತನದ ಮಟ್ಟಿಗೆ ಹೆಸರೊಂದೇ ಪುರಾವೆಯಾಗುವುದಿಲ್ಲ. ಯಾರ ಮಗಳು, ಯಾವ ವರ್ಷ, ಯಾವ ಸಂದರ್ಭದ ಕಾಗದ ಎಂಬ ಮೂರೂ ಕೂಡಿದರೆ ಮಾತ್ರ ಒಬ್ಬ ವ್ಯಕ್ತಿ ಕೈಗೆ ಸಿಗುತ್ತಾಳೆ.

ಸಂದರ್ಭವೆಂದೆ, ಈ ಲೇಖನದ ವಾದವೂ ಅದೇ. ಹತ್ತೊಂಬತ್ತನೇ ಶತಮಾನದ ಕಾಗದಪತ್ರಗಳು ರಕ್ತಸಂಬಂಧದ ಹಿಂದೆ ಹೋದವಲ್ಲ, ಹಕ್ಕಿನ ಹಿಂದೆ ಹೋದವು. ಎಲ್ಲಿ ಪಟ್ಟದ, ಹಣದ ಅಥವಾ ವಿಶ್ರಾಂತಿ ವೇತನದ ತಕರಾರಿತ್ತೋ ಅಲ್ಲಿ ಹಾಲೇರಿಯವರ ಮಾಹಿತಿ ದಟ್ಟವಾಗಿದೆ. ತಕರಾರು ಮುಗಿದಲ್ಲಿ ಮನುಷ್ಯರೂ ಮರೆಯಾಗುತ್ತಾರೆ.

ಮನೆತನದ ಅತಿ ಮುಖ್ಯ ಆಕರವಾದ ‘ರಾಜೇಂದ್ರನಾಮೆ’ಯನ್ನೇ ನೋಡಬಹುದು. 1633ರಿಂದ 1807ರವರೆಗಿನ ಚರಿತ್ರೆಯನ್ನು ದೊಡ್ಡ ವೀರರಾಜೇಂದ್ರ ಕನ್ನಡದಲ್ಲಿ ಬರೆಸಿದ. 1808ರಲ್ಲಿ ಅಬರ್‌ಕ್ರೋಂಬಿ ಎಂಬ ಸೇನಾಧಿಕಾರಿ ಅದನ್ನು ಇಂಗ್ಲಿಷಿಗೆ ತಂದ. ಪೂರ್ವಜರ ಮೇಲಿನ ಅಕ್ಕರೆಯೊಂದೇ ಇದನ್ನು ಬರೆಸಿತು ಎನ್ನಲಾಗದು. ರಾಜನಿಗೆ ಗಂಡುಮಕ್ಕಳಿರಲಿಲ್ಲ, ರಾಣಿ ಮಹದೇವಮ್ಮಾಜಿಯ ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೇ ಪಟ್ಟವಾಗಬೇಕು, ಅದನ್ನು ಕಂಪನಿ ಸರ್ಕಾರ ಒಪ್ಪಬೇಕು ಎಂಬ ಹಟವಿತ್ತು. ಹಾಗಾಗಿ ಇದನ್ನು ವಂಶಾವಳಿಯೆಂದು ಓದುವಷ್ಟೇ ಎಚ್ಚರದಿಂದ ಅರ್ಜಿಯೆಂದೂ ಓದಬೇಕು. ಅರ್ಜಿ ಫಲಿಸಲಿಲ್ಲ. ರಾಜನ ತಮ್ಮ ಲಿಂಗರಾಜ ಮೊದಲು ಹುಡುಗಿಯ ಹೆಸರಿನಲ್ಲಿ ಆಡಳಿತ ನಡೆಸಿ, 1811ರಲ್ಲಿ ತಾನೇ ರಾಜನೆಂದು ಸಾರಿಕೊಂಡ. ಆಮೇಲೆ ಆ ದೇವಮ್ಮಾಜಿಗೆ ಏನಾಯಿತು? ಲಿಂಗರಾಜನ ಮಗ ಚಿಕ್ಕ ವೀರರಾಜೇಂದ್ರನ ಕಾಲದಲ್ಲಿ ಅವಳ ಕೊಲೆಯಾಯಿತೆಂಬ ಮಾತು ನಮಗೆ ಬಂದಿರುವುದು ರಾಜನನ್ನು ಇಳಿಸಿದವರ ಕಡೆಯ ಬರಹಗಳಿಂದ. ಮೋಗ್ಲಿಂಗರ 1855ರ ಪುಸ್ತಕವಾಗಲಿ, ರಿಕ್ಟರ್ 1870ರಲ್ಲಿ ಸಿದ್ಧಪಡಿಸಿದ ಕೈಪಿಡಿಯಾಗಲಿ ಬಂದದ್ದು ಕೊಡಗು ಬ್ರಿಟಿಷರ ಕೈಸೇರಿದ ಎಷ್ಟೋ ವರ್ಷಗಳ ಮೇಲೆ. ಅವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಪೂರ್ತಿ ನಂಬಿ ಹೋಗುವಂತೆಯೂ ಇಲ್ಲ.

1834ರಲ್ಲಿ ರಾಜ್ಯ ಹೋಯಿತು. ಚಿಕ್ಕ ವೀರರಾಜೇಂದ್ರನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ರಾಜ್ಯ ಹೋದ ಮೇಲೂ ಕೊಡಗಿನಲ್ಲಿ ವಂಶದ ಹೆಸರಿಗೆ ಬೆಲೆಯಿತ್ತೆಂಬುದಕ್ಕೆ 1837ರ ಅಮರಸುಳ್ಯ ದಂಗೆಯೇ ಸಾಕ್ಷಿ. ಶನಿವಾರಸಂತೆ ಕಡೆಯ ಪುಟ್ಟಬಸಪ್ಪ ರಾಜವಂಶದ ಕಲ್ಯಾಣಸ್ವಾಮಿ ತಾನೇ ಎಂದು ಜನರನ್ನು ಕೂಡಿಸಿದ. ಬ್ರಿಟಿಷ್ ಕಡತಗಳಿಗೆ ಇಂಥವರು ವೇಷಧಾರಿಗಳು. ವೃಕ್ಷದಲ್ಲಿ ಅವರನ್ನು ಎಲ್ಲಿ ಕೂರಿಸುವುದೆಂಬ ಪ್ರಶ್ನೆಗೆ ನನ್ನ ಉತ್ತರ ಸರಳ: ಕೊಂಬೆಯಲ್ಲಿ ಅಲ್ಲ, ಟಿಪ್ಪಣಿಯಲ್ಲಿ. ಆದರೆ ಟಿಪ್ಪಣಿಯಿಂದಲೂ ತೆಗೆದರೆ ಜನ ಯಾರನ್ನು ರಾಜವಂಶದವರೆಂದು ನಂಬಲು ಸಿದ್ಧರಿದ್ದರು ಎಂಬುದು ತಿಳಿಯದೆ ಹೋಗುತ್ತದೆ.

ಕಾಶಿಯ ವರ್ಷಗಳು ಮಸುಕು. 1841ರಲ್ಲಿ ಗೌರಮ್ಮ ಹುಟ್ಟಿದ್ದು ಅಲ್ಲೇ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿದವರು ಇಲ್ಲಿ ಸ್ವಲ್ಪ ತಡೆಯಬೇಕು: ಕಾದಂಬರಿಯಲ್ಲಿ ಗೌರಮ್ಮ ರಾಣಿಯ ಹೆಸರು, ಚರಿತ್ರೆಯ ಗೌರಮ್ಮ ರಾಜನ ಮಗಳು, ಅದೂ ಮಡಿಕೇರಿ ಬಿಟ್ಟು ಏಳು ವರ್ಷದ ಮೇಲೆ ಹುಟ್ಟಿದವಳು. ಕಾದಂಬರಿಕಾರರಿಗೆ ಆ ಸ್ವಾತಂತ್ರ್ಯ ಉಂಟು. ಕಾದಂಬರಿಯನ್ನು ಆಕರವೆಂದು ಉದ್ಧರಿಸುವವರಿಗಿಲ್ಲ.

ರಾಜನ ಇನ್ನೊಬ್ಬ ಮಗಳನ್ನು ನೇಪಾಳದ ಜಂಗ್ ಬಹಾದೂರ್ ರಾಣಾ ಯುರೋಪಿನಿಂದ ಮರಳುವಾಗ, 1850ರಲ್ಲಿ, ಕಾಶಿಯಲ್ಲಿ ಮದುವೆಯಾದ. ಅವಳ ಬದುಕು ರಾಣಾನ ಕಥೆಯೊಳಗಿನ ಒಂದು ಪ್ರಸಂಗವಾಗಿ ಉಳಿದಿದೆ. ಅದೇ ತಂದೆಯ ಗೌರಮ್ಮನದು ಬೇರೆಯೇ ಪಾಡು. 1852ರಲ್ಲಿ ತಂದೆ ಅವಳನ್ನು ಲಂಡನ್ನಿಗೆ ಕರೆದೊಯ್ದ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು, ತನ್ನ ಹೆಸರನ್ನೂ ಕೊಟ್ಟಳು. ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ, ಮಾರೊಕೆಟ್ಟಿ ಪ್ರತಿಮೆ ಮಾಡಿದ. ಅಕ್ಕತಂಗಿಯರ ನಡುವಿನ ಈ ಅಂತರಕ್ಕೆ ಕಾರಣ ಅವರ ಯೋಗ್ಯತೆಯಲ್ಲ, ಬರೆದಿಡುವ ವ್ಯವಸ್ಥೆ.

ರಾಜ ಲಂಡನ್ನಿಗೆ ಹೋದದ್ದು ಮಗಳಿಗಾಗಿ ಮಾತ್ರವಲ್ಲ. ಕಂಪನಿಯಲ್ಲಿ ತೊಡಗಿಸಿದ್ದ ಮನೆತನದ ಹಣ ತನಗೆ ಬರಬೇಕೆಂದು ದಾವೆ ಹೂಡಿದ. ಆ ಹಣದ ಮೂಲದಲ್ಲಿ ಮತ್ತೆ ಮೊದಲ ದೇವಮ್ಮಾಜಿ ಇದ್ದಾಳೆ. ದೊಡ್ಡ ವೀರರಾಜೇಂದ್ರ ಇಟ್ಟದ್ದು ಅವಳಿಗಾಗಿ. ರಾಜ 1859ರ ಸೆಪ್ಟೆಂಬರಿನಲ್ಲಿ ಸತ್ತ, ಮರುವರ್ಷ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ವಂಶಾವಳಿಕಾರನಿಗೆ ಮಾತ್ರ ಸೋತ ದಾವೆಯೂ ಲಾಭವೇ: ಹಣ ಯಾರಿಂದ ಯಾರಿಗೆ ಬಂತೆಂದು ಹೇಳದೆ ಹಕ್ಕು ಸಾಧಿಸಲಾಗದು, ಹಾಗೆ ಹೇಳುವಾಗ ನಂಟಸ್ತನ ಬಿಡಿಸಿ ಬರೆಯಲೇಬೇಕು.

1860ರಲ್ಲಿ ಗೌರಮ್ಮ ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ಮರುವರ್ಷ ಮಗಳು ಈಡಿತ್ ಹುಟ್ಟಿದಳು. 1864ರಲ್ಲಿ ಗೌರಮ್ಮ ಕ್ಷಯದಿಂದ ತೀರಿಕೊಂಡಳು, ಇಪ್ಪತ್ತಮೂರು ತುಂಬುವ ಮೊದಲೇ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದ ಅವಳ ಗೋರಿಕಲ್ಲಿನಲ್ಲಿ ಕೊಡಗಿನ ಮಾಜಿ ರಾಜನಿದ್ದಾನೆ, ಗಂಡನಿದ್ದಾನೆ, ವಿಕ್ಟೋರಿಯಾ ರಾಣಿಯಿದ್ದಾಳೆ. ಹೆತ್ತ ತಾಯಿಯ ಹೆಸರಿಲ್ಲ. ಕೆಲವೇ ವರ್ಷಗಳಲ್ಲಿ ಕ್ಯಾಂಪ್‌ಬೆಲ್ ಕಣ್ಮರೆಯಾದ, ಅವನೊಡನೆ ಒಡವೆಗಳೂ ಹೋದವೆಂಬ ಮಾತಿದೆ.

ಈಡಿತ್‌ಳ ಎಳೆಯನ್ನು ಹಿಡಿದು ಮುಂದೆ ಹೋದವರು ಕೊಡಗಿನವರೇ ಆದ ಸಿ.ಪಿ. ಬೆಳ್ಳಿಯಪ್ಪ, ಅವರ ಇಂಗ್ಲಿಷ್ ಪುಸ್ತಕ 2010ರಲ್ಲಿ ಬಂತು. ಇಂಗ್ಲೆಂಡಿನಲ್ಲಿ 1837ರ ಜುಲೈನಿಂದಲೇ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಇದ್ದುದರಿಂದ ಇಂಥ ಹುಡುಕಾಟಕ್ಕೆ ಅಲ್ಲಿ ಹಿಡಿತ ಸಿಗುತ್ತದೆ. ಆದರೂ ಆ ಪುಸ್ತಕಗಳಿಗೆ ತಮ್ಮದೇ ಕುರುಡುಂಟು. ಜನನದ ದಾಖಲೆಯಲ್ಲಿ ತಾಯಿಯಿದ್ದಾಳೆ. ಮದುವೆಯ ದಾಖಲೆಯಲ್ಲಿ ವಧೂವರರ ತಂದೆಯರ ಹೆಸರು, ಕಸುಬು ಮಾತ್ರ. ತಾಯಂದಿರ ಹೆಸರಿಗೆ ಅಲ್ಲಿ ಜಾಗ ಸಿಕ್ಕಿದ್ದು 2021ರಲ್ಲಿ. ಎಂದರೆ ಈಡಿತ್‌ಳ ಕಾಲದ ಹೆಣ್ಣೊಬ್ಬಳ ಮದುವೆಯ ಕಾಗದವನ್ನಷ್ಟೇ ಹಿಡಿದವರು ಅವಳ ತಾಯಿ ಕೊಡಗಿನ ರಾಜಕುಮಾರಿಯೆಂದು ಊಹಿಸಲಾರರು.

ಮಡಿಕೇರಿಯ ಗದ್ದಿಗೆಯಲ್ಲಿ ದೊಡ್ಡ ವೀರರಾಜೇಂದ್ರನೂ ಮಹದೇವಮ್ಮಾಜಿಯೂ ಇದ್ದಾರೆ, ಪಕ್ಕದಲ್ಲಿ ಲಿಂಗರಾಜ. ಕೊನೆಯ ರಾಜ ಲಂಡನ್ನಿನ ಕೆನ್ಸಲ್ ಗ್ರೀನಿನಲ್ಲಿ. ನಾನು ಹಾಕಿದ ನಕ್ಷೆಯಲ್ಲಿ ದೊಡ್ಡ ವೀರರಾಜೇಂದ್ರನಿಂದ ದೇವಮ್ಮಾಜಿಗೆ, ಕೊನೆಯ ರಾಜನಿಂದ ಗೌರಮ್ಮನಿಗೆ, ಗೌರಮ್ಮನಿಂದ ಈಡಿತ್‌ಗೆ ಗಟ್ಟಿ ಗೆರೆಗಳಿವೆ. ಮೊದಲ ದೇವಮ್ಮಾಜಿಯ ಸಾವಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ, ಕಲ್ಯಾಣಸ್ವಾಮಿಯ ಹೆಸರು ಕೆಳಗಿನ ಟಿಪ್ಪಣಿಯಲ್ಲಿ. ಗೌರಮ್ಮನ ತಾಯಿಯ ಮನೆಯನ್ನು ಖಾಲಿ ಬಿಟ್ಟಿದ್ದೇನೆ. ತುಂಬುವವರು ಕಾಶಿಯ ಗವರ್ನರ್ ಜನರಲ್ ಏಜೆಂಟನ ಪತ್ರವ್ಯವಹಾರದಿಂದ, ಅಂದರೆ ವಿಶ್ರಾಂತಿ ವೇತನದ ಲೆಕ್ಕದಿಂದ, ಶುರುಮಾಡುವುದು ವಾಸಿ.