ಬರದ ಹೊಲದಲ್ಲಿ ಬೆಳೆದ ವಿಶ್ವಾಸ

(ಮೇ 1: ಕಾರ್ಮಿಕರ ಪಾಲಕ ಸಂತ ಜೋಸೆಫರ ಹಬ್ಬದ ಚಿಂತನೆ)



ಜಗತ್ತು ಕಾರ್ಮಿಕರ ದಿನವೆಂದು ಆಚರಿಸುವ ಮೇ 1ನ್ನು 1955ರಲ್ಲಿ ವಿಶ್ವಗುರು ಹನ್ನೆರಡನೇ ಪಿಯುಸ್‌ರವರು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಧರ್ಮಸಭೆಗೆ ಕೊಟ್ಟರು. ಈ ಸಂತರ ಬಗ್ಗೆ ಒಂದು ವಿಚಿತ್ರವನ್ನು ನಾವು ಗಮನಿಸಿರಬಹುದು. ನಾಲ್ಕು ಶುಭಸಂದೇಶಗಳನ್ನು ಹುಡುಕಿದರೂ ಜೋಸೆಫರು ಆಡಿದ ಒಂದೇ ಒಂದು ಮಾತು ಸಿಗುವುದಿಲ್ಲ. ಎದ್ದರು, ಮಗುವನ್ನೂ ತಾಯಿಯನ್ನೂ ಕರೆದುಕೊಂಡರು, ಹೊರಟರು. ಈಜಿಪ್ಟಿನಿಂದ ಹಿಂದಿರುಗಿ ನಜರೇತಿನಲ್ಲಿ ನೆಲೆಸಿದರು. ಅಷ್ಟೇ. ಊರಿನವರು ಯೇಸುವನ್ನು ಬಡಗಿಯ ಮಗನೆಂದು ಹಗುರವಾಗಿ ಮಾತಾಡಿದಾಗ, ಅವರಿಗೆ ಗೊತ್ತಿಲ್ಲದೆಯೇ ಜೋಸೆಫರಿಗೆ ದೊಡ್ಡ ಬಿರುದನ್ನೇ ಕೊಟ್ಟರು.

ಮಾತಿಲ್ಲದೆ ಕೆಲಸದಲ್ಲಿ ವಿಶ್ವಾಸ ತೋರಿದ ಇಂಥ ಅಧ್ಯಾಯವೊಂದು ನಮ್ಮ ಬೆಂಗಳೂರಿನ ಸುತ್ತಲ ನೆಲದಲ್ಲಿಯೂ ನಡೆದಿದೆ. ಹಿರಿಯರು ಧಾತು ಈಶ್ವರದ ಬರವೆಂದು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಅದು 1876ರಿಂದ 1878ರವರೆಗಿನ ಕಾಲ. ಮಳೆ ಕೈಕೊಟ್ಟಿತು, ಕಣಜ ಬರಿದಾಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ಮೀರಿತ್ತು. 1881ರಲ್ಲಿ ಎಣಿಸುವಾಗ ಉಳಿದವರು 42 ಲಕ್ಷದಷ್ಟು ಮಾತ್ರ. ಬೆಂಗಳೂರು ಮೈಸೂರು ರೈಲುದಾರಿಗೆ ಬರಪೀಡಿತರು ಕೂಲಿಗಾಗಿ ಮಣ್ಣು ಹೊತ್ತದ್ದೂ ಆ ದಿನಗಳಲ್ಲಿಯೇ. ದಾರಿಯುದ್ದಕ್ಕೂ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳು.

ಆಗ ಮೈಸೂರು ಮಿಷನ್ನಿನ ಧರ್ಮಾಧ್ಯಕ್ಷರಾಗಿದ್ದವರು ಶೆವಾಲಿಯೆಯವರು. ಅವರೂ ಅವರೊಡನಿದ್ದ ಪ್ಯಾರಿಸ್ ಮಿಷನ್ ಸಂಸ್ಥೆಯ ಗುರುಗಳೂ ಬರದಲ್ಲಿ ದಿಕ್ಕಿಲ್ಲದಾದವರ ಹೊಣೆ ಹೊತ್ತರು. ಒಂದು ಹೊತ್ತಿನ ಗಂಜಿ ಹೊಯ್ದು ಕೈತೊಳೆದುಕೊಳ್ಳಲಿಲ್ಲ. ಸಿಲುವೇಪುರ, ನೆಲಮಂಗಲ, ಮುತ್ತಾನಲ್ಲೂರುಗಳಲ್ಲಿ ಬೇಸಾಯದ ಹೊಲಗಳನ್ನು ತೆರೆದು ಜನರಿಗೆ ನೆಲೆ ಕೊಟ್ಟರು. ಸಿಲುವೆ ಎಂದರೆ ಶಿಲುಬೆಯೇ. ಊರಿನ ಹೆಸರೇ ಶಿಲುಬೆಯಾಯಿತು, ಆದರೆ ಆ ಊರಿನ ದಿನಚರಿ ನೇಗಿಲು, ಬೀಜ ಮತ್ತು ಬಾವಿಯದ್ದು.

'ಗಂಜಿಗಾಗಿ ಬಂದವರು' ಎಂಬ ಚುಚ್ಚುಮಾತನ್ನು ನಮ್ಮಲ್ಲಿ ಅನೇಕರು ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ಕೇಳಿರುತ್ತೇವೆ. ಅದಕ್ಕೆ ನಾವು ನಾಚಿಕೊಳ್ಳುವುದೇಕೆ? ಹಸಿದವರು ಗಂಜಿಗೆ ಬರುತ್ತಾರೆ. ಬಾರದಿದ್ದರೆ ಅದೇ ಅಚ್ಚರಿ. ಆದರೆ ಮಳೆ ಮರಳಿ ಬಂದಿತು, ಬೆಳೆ ಬಂದಿತು, ಗಂಜಿಯ ಹಂಡೆ ಎಂದೋ ತಣ್ಣಗಾಯಿತು. ಸಿಲುವೇಪುರದಲ್ಲಿ ಗಂಟೆ ಇಂದಿಗೂ ಬಾರಿಸುತ್ತಿದೆ. ಹೊಟ್ಟೆಗಾಗಿ ಬಂದವರು ಇಷ್ಟು ತಲೆಮಾರು ಉಳಿಯುವುದಿಲ್ಲ. ತಮ್ಮನ್ನು ಯಾರೂ ಬೇಡವೆಂದಾಗ ಬೇಕೆಂದವರ ನಡತೆಯನ್ನು ಅವರು ಕಣ್ಣಾರೆ ಕಂಡಿದ್ದರು.

ಈಗ ಭೂಪಟವನ್ನು ಮುಂದಿಟ್ಟುಕೊಳ್ಳೋಣ. ಪೀಣ್ಯ ದಾಟಿ ಹೆಸರಘಟ್ಟದ ಕಡೆಗೆ ಹೋದರೆ ಸಿಲುವೇಪುರ. ತುಮಕೂರು ರಸ್ತೆಯಲ್ಲಿಯೇ ಮುಂದುವರಿದರೆ ನೆಲಮಂಗಲ. ಎಲೆಕ್ಟ್ರಾನಿಕ್ ಸಿಟಿಯಿಂದ ಸರ್ಜಾಪುರದ ಕಡೆ ತಿರುಗಿದರೆ ಮುತ್ತಾನಲ್ಲೂರು. ಬರದ ಮಕ್ಕಳು ಉತ್ತ ನೆಲದ ಮಗ್ಗುಲಲ್ಲಿಯೇ ನಗರದ ಕೈಗಾರಿಕೆಗಳು ಬಂದು ಕುಳಿತವು. 1976ರಲ್ಲಿ ಹುಟ್ಟಿದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿತು. ಪೀಣ್ಯದ ಶೆಡ್ಡುಗಳೂ ಹೆಚ್ಚುಕಡಿಮೆ ಆ ದಶಕದವೇ. ವೈಟ್‌ಫೀಲ್ಡ್ ಅಂತೂ 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿ ಬದುಕಲೆಂದು ಮಹಾರಾಜರು ಜಮೀನು ಕೊಟ್ಟ ಊರು. ಅಲ್ಲಿ ಈಗ ಬೆಳೆಯುವುದು ಗಾಜಿನ ಗೋಪುರಗಳು!

ಜನ ಮತ್ತೆ ಬರುತ್ತಿದ್ದಾರೆ. ರಾಯಚೂರು, ಕಲಬುರಗಿಯಿಂದ ಬರುತ್ತಾರೆ. ಒಡಿಶಾದ ಸುಂದರಗಢದಿಂದ, ಜಾರ್ಖಂಡಿನ ಗುಮ್ಲಾ, ಸಿಮ್ಡೇಗಾಗಳಿಂದ ಬರುತ್ತಾರೆ. ಇವರಲ್ಲಿ ಅನೇಕರು ಕಥೋಲಿಕರು. 1885ರಲ್ಲಿ ಛೋಟಾನಾಗಪುರಕ್ಕೆ ಬಂದ ಬೆಲ್ಜಿಯಂನ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವನ್ಸ್‌ರವರು ಆದಿವಾಸಿಗಳ ಜಮೀನಿನ ವ್ಯಾಜ್ಯಗಳಲ್ಲಿ ಅವರ ಪರ ನಿಂತರು. ಅಲ್ಲಿ ವಿಶ್ವಾಸ ಹಬ್ಬಿದ್ದು ಹಾಗೆ. ನಮ್ಮ ದೇವಾಲಯದ ಕೊನೆಯ ಸಾಲಿನಲ್ಲಿ ಬ್ಯಾಗು ತಗುಲಿಸಿಕೊಂಡು ನಿಲ್ಲುವ ಹುಡುಗರು ಆ ಇತಿಹಾಸದ ವಾರಸುದಾರರು.

ಇಲ್ಲಿ ನಾವು ನಮ್ಮ ತಪ್ಪೊಂದನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಅಂಥ ಯುವಕನೊಬ್ಬ ಮಗುವಿನ ಜ್ಞಾನಸ್ನಾನ ಕೇಳಲು ಕಚೇರಿಗೆ ಬಂದ. ನಾವು ಕಡತ ತೆಗೆದು ನೋಡಿ, "ನಿಮ್ಮ ಕುಟುಂಬದ ಕಾರ್ಡು ಇಲ್ಲಿ ಇಲ್ಲವಲ್ಲಪ್ಪ, ನಿಮ್ಮ ಧರ್ಮಕೇಂದ್ರ ಯಾವುದು?" ಎಂದೆವು. "ಇದೇ ಫಾದರ್" ಎಂದ. ಎರಡು ವರ್ಷಗಳಿಂದ ಭಾನುವಾರದ ಮೊದಲ ಬಲಿಪೂಜೆಗೆ ಬರುತ್ತಿದ್ದನಂತೆ. ಪರಮಪ್ರಸಾದವನ್ನು ಅವನ ಕೈಗೆ ಕೊಟ್ಟವರು ನಾವೇ. ಹೆಸರು ಗೊತ್ತಿರಲಿಲ್ಲ. ಅವನ ವಠಾರ ನಮ್ಮ ಕಿರು ಕ್ರೈಸ್ತ ಸಮುದಾಯದ ಪಟ್ಟಿಯಲ್ಲಿಯೂ ಇರಲಿಲ್ಲ. ಶೀಟಿನ ಮನೆಗಳ ಸಾಲು ಬರುವ ಹೊತ್ತಿಗೆ ನಮ್ಮ ಗಡಿರೇಖೆ ತಿರುಗಿಬಿಟ್ಟಿತ್ತು. ಮಗುವಿನ ಜ್ಞಾನಸ್ನಾನವೇನೋ ಆಯಿತು. ಆದರೆ ಆ "ಇದೇ ಫಾದರ್" ಎಂಬ ಮಾತು ನಮ್ಮನ್ನು ಬಿಟ್ಟಿಲ್ಲ.

ಆದಿ ಧರ್ಮಸಭೆಗೂ ಇಂಥ ಪೆಟ್ಟು ಬಿದ್ದಿತ್ತು ಎಂಬುದೊಂದು ಸಮಾಧಾನ. ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿ. ಜೆರುಸಲೇಮಿನಲ್ಲಿ ಗೊಣಗಾಟ ಎದ್ದದ್ದು ಊಟ ಹಂಚುವುದರಲ್ಲಿ, ಅದೂ ಭಾಷೆಯ ಗೆರೆಯ ಮೇಲೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ತಪ್ಪುತ್ತಿತ್ತು. ಪ್ರೇಷಿತರು ಅದನ್ನು ಮುಚ್ಚಿಡಲಿಲ್ಲ, ದೂರಿದವರನ್ನು ಗದರಲೂ ಇಲ್ಲ. ಏಳು ಜನರನ್ನು ಆರಿಸಿ ಕೆಲಸ ಹಂಚಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ ಎಂಬುದನ್ನು ಗಮನಿಸಿ. ತಪ್ಪಿಹೋದವರ ಕಡೆಯವರ ಕೈಗೇ ಬಡಿಸುವ ಸೌಟು ಬಂತು. ನಮ್ಮ ಪಾಲನಾ ಸಮಿತಿಗಳಲ್ಲಿ ಪಾಳಿಯ ಕೆಲಸಗಾರರು ಎಷ್ಟು ಮಂದಿ ಇದ್ದಾರೆ?

ದೇವಾಲಯದ ಒಳಗಿನ ಮಾತು ಇಷ್ಟಾದರೆ, ಗೇಟಿನ ಹೊರಗಿನದು ಇನ್ನೂ ಕಷ್ಟ. ವಿಶ್ವಾಸ ಒಂದು ಕಡೆ, ದಿನದ ಬದುಕು ಇನ್ನೊಂದು ಕಡೆ ಎಂದು ಬೇರೆಯಾಗುವುದನ್ನು ನಮ್ಮ ಕಾಲದ ಗಂಭೀರ ದೋಷಗಳಲ್ಲಿ ಒಂದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಎಚ್ಚರಿಸಿತು. ನಮ್ಮಲ್ಲಿ ಗುತ್ತಿಗೆದಾರರಿದ್ದಾರೆ, ತಿಂಗಳ ಪಿ.ಎಫ್. ಹಣ ಕಟ್ಟಬೇಕಾದವರು. ಗಾರ್ಮೆಂಟ್ಸ್ ಸೂಪರ್‌ವೈಸರುಗಳಿದ್ದಾರೆ, ಶೌಚಾಲಯಕ್ಕೆ ಹೋದ ಹೆಣ್ಣುಮಗಳ ನಿಮಿಷಗಳನ್ನು ಎಣಿಸುವವರು. ಅಳತೆ ತಪ್ಪಿದ ಬಿಡಿಭಾಗಕ್ಕೆ 'ಸರಿ' ಎಂದು ಸಹಿ ಹಾಕಲು ಒತ್ತಡಕ್ಕೊಳಗಾಗುವ ತಪಾಸಕರಿದ್ದಾರೆ. ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸದ ಅಮ್ಮನಿಗೆ ರಜೆಯ ದಿನದ ಸಂಬಳ ಹಿಡಿಯುವ ಮನೆಗಳೂ ಇವೆ. ಕೂಲಿಯವನ ಕೂಲಿ ಬೆಳಗಿನವರೆಗೆ ನಮ್ಮಲ್ಲಿ ಉಳಿಯಬಾರದೆಂದು ಯಾಜಕಕಾಂಡ ಹೇಳುತ್ತದೆ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ಬರೆಯುತ್ತಾರೆ. ಇದನ್ನು ಪೀಠದ ಮೇಲೆ ನಿಂತು ಹೇಳುವುದು ಸುಲಭವೆಂದು ನಮಗೂ ಗೊತ್ತು. ಸುಳ್ಳು ಸಹಿ ಹಾಕೆನೆಂದು ಹೇಳಿ ಬಡ್ತಿ ಕಳೆದುಕೊಂಡ ಒಬ್ಬ ಮನೆಯಾತ ನಮ್ಮ ಗಾಯನವೃಂದದಲ್ಲಿದ್ದಾರೆ. ಅವರು ಅದನ್ನು ಯಾರಿಗೂ ಹೇಳಿಲ್ಲ. ಅವರ ಹೆಂಡತಿ ಹೇಳಿದ್ದರಿಂದ ನಮಗೆ ತಿಳಿಯಿತು. ಜೋಸೆಫರ ಜಾತಿಯ ಮನುಷ್ಯ.

ಈ ಬಾರಿ ನಮ್ಮ ಧರ್ಮಕೇಂದ್ರದಲ್ಲಿ ಮೇ 1ರ ಬಲಿಪೂಜೆ ಎರಡು ಸಲ ಇರುತ್ತದೆ: ಬೆಳಿಗ್ಗೆ 6.30ಕ್ಕೆ, ಮತ್ತು ರಾತ್ರಿಪಾಳಿ ಮುಗಿಸಿ ಬರುವವರಿಗಾಗಿ 9ಕ್ಕೆ. ಕಾಣಿಕೆಯ ಮೆರವಣಿಗೆಗೆ ಸ್ಪ್ಯಾನರು, ಕತ್ತರಿ, ಲ್ಯಾಪ್‌ಟಾಪು, ಪೊರಕೆ, ಏನಾದರೂ ತನ್ನಿ. ಮಧ್ಯಾಹ್ನ ಊಟವಿದೆ. ಶೀಟಿನ ಮನೆಗಳ ಸಾಲಿಗೆ ಹೋಗಿ ಕರೆದು ಬರಲು ಈವರೆಗೆ ನಾಲ್ಕು ಕುಟುಂಬಗಳು ಹೆಸರು ಕೊಟ್ಟಿವೆ, ಹಿಂದಿ ಬಲ್ಲವರು ಇನ್ನೂ ಇಬ್ಬರು ಬೇಕಾಗಿದ್ದಾರೆ.